ಪಿಳ್ಳನ ಬೆಳಗಿನ ಗಂಟು

ಒಂದು ಕಾಡಿನಲ್ಲಿ, ಕಾಡು ಮುಗಿದು ಬಯಲು ಶುರುವಾಗುವ ಕಡೆ, ಒಂದು ಕೆರೆಯಿತ್ತು. ಕೆರೆಯ ನೀರಿನ ಮೇಲೆ ಬಾಗಿಕೊಂಡು ಒಂದು ಜಾಲಿಮರ. ಆ ಮರದ ತುಂಬ ಗೀಜಗ ಹಕ್ಕಿಗಳು. ಬೆಳಗಾದರೆ ಸಾಕು, ಅವುಗಳ ಗದ್ದಲಕ್ಕೆ ಕೆರೆಯ ಕಪ್ಪೆಗಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದವು.

ಗೀಜಗಗಳಲ್ಲಿ ಒಂದು ಪದ್ಧತಿ ಉಂಟು, ಮಕ್ಕಳೇ. ಗೂಡು ಹೆಣೆಯುವುದು ಗಂಡು, ಒಪ್ಪುವುದು ಹೆಣ್ಣು. ಮಳೆಗಾಲ ಹತ್ತಿರ ಬಂದಾಗ ಹೆಣ್ಣು ಬಂದು ಗೂಡಿನಲ್ಲಿ ಕೂರುತ್ತದೆ. ಕೊಕ್ಕಿನಿಂದ ಎಳೆ ಜಗ್ಗುತ್ತದೆ. ಜೋರಾಗಿ ತೂಗಾಡುತ್ತದೆ. ಗೂಡು ಗಟ್ಟಿಯಿದ್ದರೆ ಮದುವೆ. ಇಲ್ಲದಿದ್ದರೆ ಪುರ್ರನೆ ಪಕ್ಕದ ಗೂಡಿಗೆ. ಮೊಟ್ಟೆ, ಮರಿ ಎಲ್ಲ ಅಲ್ಲೇ ತಾನೇ ಇರಬೇಕು? ನೋಡಿ ಮಾಡದೆ ಇನ್ನೇನು!

ಆ ಮರದಲ್ಲಿ ಪಿಳ್ಳ ಎಂಬ ಗೀಜಗನಿದ್ದ. ಒಳ್ಳೆಯವನು, ಆದರೆ ಕೊಕ್ಕಿನ ಕೆಲಸ ಬಲು ಒಡ್ಡೊಡ್ಡು. ಹೋದ ವರ್ಷ ಅವನು ಕಟ್ಟಿದ ಗೂಡಿಗೆ ಹೊನ್ನಿ ಎಂಬ ಹೆಣ್ಣುಹಕ್ಕಿ ಬಂದು ಕೂತಿದ್ದೇ ತಡ, ಗೂಡು ದೊಪ್ಪನೆ ಕೆರೆಗೆ ಬಿತ್ತು.

"ಪಿಳ್ಳಪ್ಪಾ, ಮೀನಿಗೆ ಛತ್ರ ಕಟ್ಟಿಸಿದೆಯಾ?" ಎಂದು ಇಡೀ ಮರ ನಕ್ಕಿತು. ಪಾಪ, ಹೊನ್ನಿ ಮಾತ್ರ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ಪಿಳ್ಳ ವರ್ಷವಿಡೀ ಮರೆಯಲಿಲ್ಲ. ಈ ಸಲವಾದರೂ ಅವಳು ಒಪ್ಪುವಂಥ ಗೂಡು ಕಟ್ಟಬೇಕು ಎಂದು ಅವನಿಗೆ ಒಂದೇ ಆಸೆ.

ಮರದ ತುದಿಯಲ್ಲಿ ನಾರಪ್ಪಜ್ಜ ಎಂಬ ಮುದಿ ಗೀಜಗನಿದ್ದ. ಪಿಳ್ಳ ಅವನ ಹತ್ತಿರ ಹೋಗಿ, "ಅಜ್ಜ, ನನಗೆ ಗೂಡು ಕಟ್ಟೋದು ಕಲಿಸು" ಎಂದ.

"ಕಲಿಸೋಣ. ದಿನಾ ಬಿಸಿಲು ನೀರಿಗೆ ಬಿದ್ದ ತಕ್ಷಣ ಬಾ. ಕಾಳು ತಿನ್ನೋಕೆ ಮುಂಚೆ ಒಂದು ಹಸಿ ಹುಲ್ಲಿನ ಎಳೆ ತಗೊಂಡು ಒಂದು ಗಂಟು ಹಾಕು. ಬಿಚ್ಚು. ಮತ್ತೆ ಹಾಕು."

"ಬರೀ ಗಂಟಾ? ನಾನು ಕೇಳಿದ್ದು ಗೂಡು!"

"ಗೂಡು ಅಂದರೆ ಇನ್ನೇನೋ ಮಗನೇ? ಎಲ್ಲಾ ಗಂಟೇ."

ಪಿಳ್ಳ ಮುಖ ಊದಿಸಿಕೊಂಡೇ ಶುರು ಮಾಡಿದ. ಅಯ್ಯೋ, ಆ ಗಂಟುಗಳನ್ನು ನೀವು ನೋಡಬೇಕಿತ್ತು! ಕಾಲಿಗೆ ಸುತ್ತಿಕೊಂಡವು, ಕೊಕ್ಕಿಗೆ ಸುತ್ತಿಕೊಂಡವು, ಕೊಂಬೆಗೆ ಮಾತ್ರ ಸುತ್ತಿಕೊಳ್ಳಲಿಲ್ಲ. ಅಜ್ಜ ನಗಲೂ ಇಲ್ಲ, ಬೈಯಲೂ ಇಲ್ಲ. "ಹಾಡ್ತಾ ಹಾಡ್ತಾ ರಾಗ, ಹಾಕ್ತಾ ಹಾಕ್ತಾ ಗಂಟು" ಎನ್ನುತ್ತಿದ್ದ, ಅಷ್ಟೆ. ಜೊತೆಗೆ ಒಂದು ಗುಟ್ಟೂ ಹೇಳಿಕೊಟ್ಟ. "ಹಸಿ ಎಳೆ ಗಂಟಿನಲ್ಲಿ ಕೂತು ಒಣಗಬೇಕು. ಆಗ ಬಿಗಿಯುತ್ತೆ. ಒಣಗಿದ ಎಳೆಗೆ ಗಂಟು ಹಾಕಿದರೆ ಲಟಕ್ ಅಂತ ಮುರಿಯುತ್ತೆ."

ಒಂದು ದಿನ ಕಾಡಿನಲ್ಲಿ ಕಾರೆಹಣ್ಣು ಮಾಗಿತು. ಪಿಳ್ಳ ಗಂಟು ಮರೆತು ಹಣ್ಣಿಗೆ ಓಡಿದ. ಮರುದಿನ ತಲೆ ತಗ್ಗಿಸಿಕೊಂಡು ಬಂದು ನಿಂತ. ಇವತ್ತು ಅಜ್ಜ ಕುಕ್ಕಿ ಓಡಿಸುತ್ತಾನೆ ಎಂದುಕೊಂಡಿದ್ದ.

ಅಜ್ಜ ಹೇಳಿದ್ದು ಇಷ್ಟೇ: "ನಿನ್ನೆದು ಹೋಯ್ತು ಬಿಡು. ಇವತ್ತಿನ ಗಂಟು ಎಲ್ಲಿ?"

ಆಮೇಲೆ ಪಿಳ್ಳ ಬೆಳಗಿನ ಗಂಟು ತಪ್ಪಿಸಲಿಲ್ಲ. ಮೋಡವಿದ್ದರೂ ಬಂದ, ಮನಸ್ಸಿಲ್ಲದಿದ್ದರೂ ಬಂದ. ಬರುಬರುತ್ತಾ ಅವನು ಯೋಚಿಸುವ ಮೊದಲೇ ಕೊಕ್ಕು ತಾನಾಗಿ ತಿರುಗತೊಡಗಿತು.

ಕೆಳಗಿನ ಕೊಂಬೆಯಲ್ಲಿ ಬಣ್ಣಯ್ಯನಿದ್ದ. ಮರದಲ್ಲೆಲ್ಲ ಹೆಚ್ಚು ಹಳದಿ ಅವನೇ. ಅದರ ಜಂಭ ಕೇಳಬೇಡಿ. ದಿನವಿಡೀ ನೀರಿನಲ್ಲಿ ಮುಖ ನೋಡಿಕೊಳ್ಳುವುದೇ ಅವನ ಉದ್ಯೋಗ.

"ಏನೋ ಪಿಳ್ಳ, ಕಟ್ಟೋದು ಬಿಚ್ಚೋದು, ಕಟ್ಟೋದು ಬಿಚ್ಚೋದು! ತಲೆ ನೆಟ್ಟಗಿದೆಯಾ?" ಎಂದು ಕೆಣಕುತ್ತಿದ್ದ. "ನನ್ನನ್ನು ನೋಡು. ಮೋಡ ಕವಿಯಲಿ, ಒಂದೇ ದಿನದಲ್ಲಿ ಅರಮನೆ ಎಬ್ಬಿಸ್ತೀನಿ."

ಮೋಡ ಕವಿಯಿತು. ಎಲ್ಲರೂ ಗೂಡು ಹೆಣೆದರು. ಪಿಳ್ಳನ ಗೂಡೂ ಕೊಂಬೆಯಿಂದ ಇಳಿಬಿದ್ದು, ಹೊಟ್ಟೆ ತುಂಬಿಕೊಂಡು, ಗಾಳಿಗೆ ಚೆನ್ನಾಗಿ ಒಣಗಿತು. ಬಣ್ಣಯ್ಯನ ಕೊಂಬೆ ಮಾತ್ರ ಬೋಳು. ಈಗ ಅವನಿಗೆ ದಿಗಿಲಾಯಿತು. ಎಳೆ ಸೀಳಲು ಹೋದರೆ ಹುಲ್ಲು ಕೊಕ್ಕು ಕೊಯ್ಯಿತು. ಗಂಟು ಹಾಕಲು ಹೋದರೆ ಜಾರಿತು. ಕಷ್ಟಪಡುವ ಅಭ್ಯಾಸವಿಲ್ಲದವನಿಗೆ ಕಳ್ಳದಾರಿ ಬೇಗ ಕಾಣುತ್ತದೆ. ಎಲ್ಲರೂ ಕಾಳಿಗೆ ಹೋದ ಹೊತ್ತು ನೋಡಿ, ಅವನು ಒಂದೊಂದೇ ಗೂಡಿನಿಂದ ಎಳೆ ಕಿತ್ತ. ಎಲ್ಲಕ್ಕಿಂತ ಹೆಚ್ಚು ಕಿತ್ತದ್ದು ಪಿಳ್ಳನ ಗೂಡಿನಿಂದ.

ಪಿಳ್ಳ ಮರಳಿ ಬಂದು ನೋಡಿದರೆ ಗೂಡಿನ ಅರ್ಧ ಹೊಟ್ಟೆಯೇ ಇಲ್ಲ! ಕೆಳಗೆ ಬಣ್ಣಯ್ಯನ ಕೊಂಬೆಯಲ್ಲಿ, ಗಂಟಿಲ್ಲದೆ ಹೇಗೋ ಸುತ್ತಿ ಸಿಕ್ಕಿಸಿದ ದೊಡ್ಡ ಗೂಡೊಂದು ತೂಗುತ್ತಿತ್ತು. ಪಿಳ್ಳ ಅಜ್ಜನ ಹತ್ತಿರ ಓಡಿ ಅತ್ತುಬಿಟ್ಟ.

"ಅಜ್ಜ, ಎಲ್ಲಾ ಹೋಯ್ತು! ನಾಳೆ ಹೊನ್ನಿ ಗೂಡು ನೋಡೋಕೆ ಬರ್ತಾಳೆ. ನಾನು ಇನ್ನೇನು ಮಾಡಲಿ?"

ನಾರಪ್ಪಜ್ಜ ರೆಕ್ಕೆಯಿಂದ ಅವನ ಬೆನ್ನು ಸವರಿದ. "ಅಳಬೇಡ ಮಗನೇ. ನಿನ್ನ ಎಳೆ ಕದ್ದ, ಸರಿ. ನಿನ್ನ ಕೊಕ್ಕಿನ ರೂಢಿ ಕದ್ದನೇನು?"

ಪಿಳ್ಳ ಅಳು ನಿಲ್ಲಿಸಿದ. ಹಾರಿಹೋಗಿ ಹಸಿ ಹುಲ್ಲು ತಂದ. ಕೊಕ್ಕು ಒಂದು ಕಡೆ ನುಗ್ಗಿತು, ಇನ್ನೊಂದು ಕಡೆ ಬಂತು. ಗಂಟು, ಮತ್ತೊಂದು ಗಂಟು. ಬೆಳಗು ಬೆಳಗೂ ಮಾಡಿದ ಕೆಲಸವಲ್ಲವೇ? ಸೂರ್ಯ ಮುಳುಗುವ ಮುಂಚೆ ಗೂಡಿನ ಹೊಟ್ಟೆ ಮತ್ತೆ ತುಂಬಿತು.

ಮರುದಿನ ಹೊನ್ನಿ ಬಂದಳು. ರಾತ್ರಿಯಿಂದಲೇ ಗಾಳಿ ಎದ್ದಿತ್ತು, ಪಿಳ್ಳನ ಹಸಿ ಗಂಟುಗಳು ಒಣಗಿ ಬಿಗಿದಿದ್ದವು. ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣಯ್ಯನ ದೊಡ್ಡ ಗೂಡು.

"ಬಾ ಹೊನ್ನಿ, ಅರಮನೆ ನೋಡು!" ಎಂದು ಬಣ್ಣಯ್ಯ ಎದೆಯುಬ್ಬಿಸಿದ.

ಹೊನ್ನಿ ಹೊರಗೇ ನಿಂತು ಒಂದು ಎಳೆ ಜಗ್ಗಿದಳು. ಲಟಕ್!

"ಇದೇನು, ಮುರೀತು?"

"ಅಯ್ಯೋ, ಅದೊಂದು ಬಿಡು. ಗಟ್ಟಿ ಅಂದರೆ ಗಟ್ಟಿ. ನಾನೇ ಕೂತು ತೋರಿಸ್ತೀನಿ!" ಎಂದು ಬಣ್ಣಯ್ಯ ಒಳಗೆ ನುಗ್ಗಿ ಜೋರಾಗಿ ತೂಗಿದ. ಕದ್ದ ಎಳೆ ಒಂದೂ ಹಸಿಯದಲ್ಲ. ಲಟಕ್, ಲಟಕ್, ಲಟಲಟಕ್! ಅರಮನೆ ಅರಸನ ಸಮೇತ ಕೆರೆಗೆ ಬಿತ್ತು. ಬಣ್ಣಯ್ಯ ತೊಯ್ದು ತೊಪ್ಪೆಯಾಗಿ, ತಲೆಯ ಮೇಲೆ ಪಾಚಿ ಹೊತ್ತುಕೊಂಡು ದಡ ಹತ್ತಿದ. ಹಳದಿಯೆಲ್ಲ ಹಸಿರಾಗಿತ್ತು.

ಹೊನ್ನಿ ಪಿಳ್ಳನ ಗೂಡಿಗೆ ಹೋದಳು. ಅವಳು ಜಗ್ಗಿದಳು. ತೂಗಿದಳು. ಗಾಳಿಯೂ ತನ್ನ ಕೈಲಾದಷ್ಟು ತೂಗಿತು. ಒಂದು ಗಂಟೂ ಅಲುಗಲಿಲ್ಲ.

"ಈ ವರ್ಷ ಮೀನಿಗೆ ಛತ್ರ ಇಲ್ಲವೇನೋ?" ಎಂದಳು ಹೊನ್ನಿ. ಈ ಸಲ ಅವಳು ನಕ್ಕಳು. ಪಿಳ್ಳನಿಗೆ ಕಣ್ಣು ತುಂಬಿ ಬಂತು.

ಮುಂದಿನ ಬೆಳಗ್ಗೆ ಬಿಸಿಲು ನೀರಿಗೆ ಬಿತ್ತು. ಗೂಡು ಮುಗಿದಿದ್ದರೂ ಪಿಳ್ಳ ಒಂದು ಎಳೆ ಕಚ್ಚಿಕೊಂಡು ಅಜ್ಜನ ಕೊಂಬೆಗೆ ಹೊರಟ. ಅಲ್ಲಿ ಆಗಲೇ ಯಾರೋ ಕೂತಿದ್ದರು. ಬಣ್ಣಯ್ಯ! ಕೊಕ್ಕಿನಲ್ಲಿ ಒಂದೇ ಒಂದು ಹಸಿ ಎಳೆ. ತಲೆ ಎತ್ತಲು ನಾಚಿಕೆ.

"ಪಿಳ್ಳ, ನಿನ್ನ ಗೂಡು... ನಾನೇ ಕಿತ್ತದ್ದು. ತಪ್ಪಾಯ್ತು" ಎಂದ.

ಪಿಳ್ಳನಿಗೆ ಬೈಯುವ ಹಕ್ಕಿತ್ತು. ಬೈಯಬೇಕು ಎಂದೂ ಅನ್ನಿಸಿತು. ಅಜ್ಜನ ಕಡೆ ನೋಡಿದ. ಅಜ್ಜ ಏನೂ ಗೊತ್ತಿಲ್ಲದವನ ಹಾಗೆ ಮೋಡ ನೋಡುತ್ತಿದ್ದ. ಪಿಳ್ಳ ಸರಿದು ಪಕ್ಕದಲ್ಲಿ ಕೂತ.

"ನಿನ್ನೆದು ಹೋಯ್ತು ಬಿಡು, ಬಣ್ಣಯ್ಯ. ಇವತ್ತಿನ ಗಂಟು ಎಲ್ಲಿ?"

ನೀತಿ: ನಾವು ಕಟ್ಟಿದ್ದನ್ನು ಯಾರಾದರೂ ಕದಿಯಬಹುದು, ದಿನವೂ ಮಾಡಿ ರೂಢಿಸಿಕೊಂಡದ್ದನ್ನು ಯಾರೂ ಕದಿಯಲಾರರು. ಒಂದು ದಿನ ತಪ್ಪಿದರೆ ಕೊರಗುತ್ತ ಕೂರಬೇಡಿ, ಮರುದಿನವೇ ಮತ್ತೆ ಶುರು ಮಾಡಿ.