ಗೂಡಿಗೆ ಅಪ್ಪಣೆ

ಕೆರೆದಂಡೆಯ ಮರಗಳಲ್ಲಿ ಗೂಡು ಕಟ್ಟಬೇಕಾದರೆ ಆಮೆಯ ಅಪ್ಪಣೆ ಬೇಕಿತ್ತು. ಮೊಟ್ಟೆಯಿಡುವ ಕಾಲ ಹತ್ತಿರವಾದ ಪಿಕಳಾರ ಹಕ್ಕಿಯೊಂದು ಬಂದು ತಲೆಬಾಗಿ ನಿಂತಿತು.

"ಸ್ವಾಮಿ, ಹೊಂಗೆಮರದಲ್ಲಿ ಗೂಡು ಕಟ್ಟಲು ಅಪ್ಪಣೆ ಕೊಡಿ."

"ನಾನೇ ಬಂದು ಸ್ಥಳ ನೋಡಬೇಕು. ಅಲ್ಲಿಯವರೆಗೆ ಒಂದು ಕಡ್ಡಿಯನ್ನೂ ಇಡಕೂಡದು," ಎಂದಿತು ಆಮೆ.

"ಬೇಗ ಬನ್ನಿ ಸ್ವಾಮಿ, ನನಗೆ ದಿನ ತುಂಬಿದೆ."

"ಮನೆಗೇಕೆ ಇಷ್ಟು ಅವಸರ? ನಾನು ಹುಟ್ಟಿದಾಗಿನಿಂದ ಮನೆಯೊಳಗೇ ಇದ್ದೇನೆ, ಎಂದೂ ಅವಸರಪಟ್ಟಿಲ್ಲ."

ಪಿಕಳಾರ ಕಡ್ಡಿ ಮುಟ್ಟದೆ ಕಾದಿತು. ಕೊನೆಗೆ ತಡೆಯಲಾಗದೆ ಬರಿಯ ಕೊಂಬೆಯ ಮೇಲೆಯೇ ಮೊಟ್ಟೆಯಿಟ್ಟಿತು. ಅದು ಉರುಳಿ ಕೆಳಗೆ ಬಿದ್ದು ಒಡೆದುಹೋಯಿತು.

ಆಮೆ ಬಂತು. ಕತ್ತೆತ್ತಿ ಕೊಂಬೆಯನ್ನು ಬಹಳ ಹೊತ್ತು ಪರೀಕ್ಷಿಸಿ, "ಸ್ಥಳ ಚೆನ್ನಾಗಿದೆ. ಇನ್ನು ಕಟ್ಟಬಹುದು," ಎಂದಿತು.

ಪಿಕಳಾರ ಮೆಲ್ಲಗೆ ಹೇಳಿತು: "ಸ್ವಲ್ಪ ಸರಿದು ನಿಲ್ಲಿ, ಸ್ವಾಮಿ. ನಿಮ್ಮ ಕಾಲ ಕೆಳಗಿರುವುದು ನನ್ನ ಮೊಟ್ಟೆ."