ನೆರೆಹೊರೆಯಿಲ್ಲದ ಗ್ರಹ

‘ಗುರುಗಳೇ, ಇಷ್ಟು ದೊಡ್ಡ ಗ್ರಹ ತನ್ನ ಸೂರ್ಯನ ಬಳಿ ಒಂಟಿಯಾಗಿದೆಯಲ್ಲ, ಇದರ ನೆರೆಹೊರೆ ಎಲ್ಲಿ ಹೋಯಿತು?’

ಕೇಳಿದವನು ಚಿದಂಬರನೆಂಬ ಶಿಷ್ಯ. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಗುರುಗಳ ಕೈಕೆಳಗೆ ನಕ್ಷತ್ರಗಳ ಅಧ್ಯಯನ ಮಾಡುತ್ತಿದ್ದ. ತುಂಬ ಜಾಣ; ಈಗ ಗುರುಗಳ ಬಳಿ ಉಳಿದಿದ್ದ ಶಿಷ್ಯ ಅವನೊಬ್ಬನೇ. ದೂರದ ನಕ್ಷತ್ರವೊಂದಕ್ಕೆ ತೀರ ಹತ್ತಿರದಲ್ಲಿ ಒಂದು ಗ್ರಹ ಕಂಡಿತ್ತು. ಬರೀ ಅನಿಲದ ಗ್ರಹ. ನಮ್ಮ ಗುರುಗ್ರಹಕ್ಕಿಂತ ದೊಡ್ಡದು. ನಮ್ಮ ನಾಲ್ಕು ದಿನ ತುಂಬುವುದರೊಳಗೆ ಅದರ ಒಂದು ವರ್ಷ ಮುಗಿಯುತ್ತಿತ್ತು. ಒಂದೇ ಮುಖವನ್ನು ಸದಾ ಸೂರ್ಯನಿಗೆ ಒಡ್ಡಿಕೊಂಡು ಕಾದು ಸುಡುತ್ತಿತ್ತು. ಮೈಯ ಅನಿಲ ಸ್ವಲ್ಪಸ್ವಲ್ಪವಾಗಿ ಹಾರಿಹೋಗುತ್ತಿತ್ತು. ಅದರ ಜೊತೆಗೆ ಸಣ್ಣ ಗ್ರಹಗಳೂ ಇರಬೇಕೆಂದು ಚಿದಂಬರ ಬಹಳ ಹುಡುಕಿದ. ಒಂದೂ ಸಿಗಲಿಲ್ಲ.

ಗುರುಗಳು ಹೇಳಿದರು: ‘ಅದು ಅಲ್ಲೇ ಹುಟ್ಟಿರುವುದು ಅನುಮಾನ. ಅಂಥ ಬಿಸಿಯಲ್ಲಿ ಅಷ್ಟು ಅನಿಲ ಕೂಡಿಕೊಳ್ಳುವುದು ಕಷ್ಟ. ದೂರದ ಚಳಿಯಲ್ಲಿ ಹುಟ್ಟಿ ಬೆಳೆದು ಆಮೇಲೆ ಒಳಕ್ಕೆ ಬಂದಿರಬೇಕು. ಅಂಥವರು ಬರುವ ದಾರಿ ಹೇಗಿರುತ್ತದೆಂದು ಹೇಳುತ್ತೇನೆ, ಕೇಳು.’

ರಾಜ್ಯದ ಗಡಿಯಲ್ಲಿ ಒಬ್ಬ ನಾಯಕನಿದ್ದ. ಚಳಿಯ ಸೀಮೆ, ದೊಡ್ಡ ಮನೆ, ಎಣಿಸಲಾರದಷ್ಟು ದನಕುದುರೆ, ಆಳುಕಾಳು. ಅವನು ಇದ್ದಾನೆ ಎಂಬ ಒಂದೇ ಕಾರಣಕ್ಕೆ ಸುತ್ತಲಿನ ಊರುಗಳಿಗೆ ಕಳ್ಳರು ಕಾಲಿಡುತ್ತಿರಲಿಲ್ಲ. ಯಾರಾದರೂ ಕೈಮುಗಿದರೆ ಅವನೂ ಕೈಮುಗಿಯುತ್ತಿದ್ದ. ದೊಡ್ಡಸ್ತಿಕೆ ತೋರಿಸುವ ಮನುಷ್ಯನಲ್ಲ.

ಒಮ್ಮೆ ಕಾಣಿಕೆ ಒಪ್ಪಿಸಲು ರಾಜಧಾನಿಗೆ ಹೋದ. ಅರಸ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇಂಥವರು ಅಷ್ಟು ದೂರ ಇರುವುದೇಕೆ?’ ಎಂದ. ಅರಸ ಆ ಮಾತನ್ನು ಅಂದೇ ಮರೆತ. ನಾಯಕನಿಗೆ ಮರೆಯಲಾಗಲಿಲ್ಲ. ಊರಿಗೆ ಮರಳಿದ ಮೇಲೆ ಅವನಿಗೆ ತನ್ನ ಮನೆ ಕತ್ತಲೆ ಎನ್ನಿಸಿತು. ಹುಟ್ಟಿದಾಗಿನಿಂದ ಇದ್ದ ಚಳಿ ಈಗ ಮೈಗೆ ತಾಗತೊಡಗಿತು. ಗಂಟುಮೂಟೆ ಕಟ್ಟಲು ಹೇಳಿದ.

ಮನೆ ನಡೆಸುತ್ತಿದ್ದವಳು ಅವನ ವಿಧವೆ ಅಕ್ಕ. ‘ಅರಸರು ಉಪಚಾರಕ್ಕೆ ಅಂದಿರಬಹುದು, ತಮ್ಮಾ’ ಎಂದಳು.

‘ಉಪಚಾರಕ್ಕೇ ಅಂದಿರಲಿ ಅಕ್ಕ, ನನಗೆ ಅಂದದ್ದಲ್ಲವೇ’ ಎಂದ ನಾಯಕ.

ಪರಿವಾರವೆಲ್ಲ ಹೊರಟಿತು. ದಾರಿಯಲ್ಲಿದ್ದವೆಲ್ಲ ಸಣ್ಣ ಊರುಗಳು. ಮೊದಲನೆಯ ಊರಿನವರು ಆರತಿ ಎತ್ತಿ ಎದುರುಗೊಂಡರು. ಅವನ ದನಕರುಗಳು ಕೆರೆಗೆ ಇಳಿದವು. ಎದ್ದಾಗ ಕೆರೆಯಲ್ಲಿ ಕೆಸರು ಉಳಿದಿತ್ತು. ಬೀಡುಬಿಟ್ಟ ಅಷ್ಟು ಜನಕ್ಕೆ ಊರಿನವರು ಅಟ್ಟದ ಕಾಳು ಇಳಿಸಿ ಬೇಯಿಸಿ ಹಾಕಿದರು. ಕೊನೆಗೆ ಬೇಯಿಸಿದ್ದು ಬಿತ್ತನೆಗೆ ತೆಗೆದಿಟ್ಟಿದ್ದ ಕಾಳು. ಅತಿಥಿ ಅಷ್ಟು ದೊಡ್ಡವನಾಗಿದ್ದರಿಂದ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ನಾಯಕ ಎಲ್ಲರನ್ನೂ ಹೊಗಳಿ ಮುಂದಕ್ಕೆ ಹೋದ. ಆ ಊರಿನವರು ಮಳೆಗಾಲದ ಹೊತ್ತಿಗೆ ಮಕ್ಕಳನ್ನು ಎತ್ತಿಕೊಂಡು ಕಾಡಿನ ಕಡೆ ನಡೆದರು.

ಮುಂದಿನದು ಕುಂಬಾರರ ಊರು. ಅಲ್ಲಿನ ಹುಡುಗರು ಕುದುರೆಗಳನ್ನು ನೋಡಿದರು, ಆಳುಗಳ ರುಮಾಲು ನೋಡಿದರು, ತಾವೂ ಬರುತ್ತೇವೆಂದರು. ನಾಯಕ ಬೇಡವೆನ್ನಲಿಲ್ಲ. ಅವರು ಪರಿವಾರದಲ್ಲಿ ಸೇರಿಹೋದರು; ಸ್ವಲ್ಪ ಕಾಲದ ಮೇಲೆ ಯಾರು ಯಾವ ಊರಿನವರೆಂದು ಅವರಿಗೇ ಗುರುತು ಉಳಿಯಲಿಲ್ಲ. ಊರಿನಲ್ಲಿ ತಿಗರಿ ತಿರುಗಿಸುವ ಕೈ ಇಲ್ಲವಾಯಿತು. ಅದರಾಚೆಯ ಊರುಗಳವರು ನಾಯಕ ಬರುತ್ತಿದ್ದಾನೆಂಬ ಸುದ್ದಿ ಕೇಳಿಯೇ ಮನೆಗಳಿಗೆ ಬೀಗ ಹಾಕಿಕೊಂಡು ಹೋಗಿದ್ದರು. ‘ನಾನು ಯಾರಿಗೂ ಹೋಗಿ ಎನ್ನಲಿಲ್ಲವಲ್ಲ’ ಎಂದು ನಾಯಕ ಬೇಸರಪಟ್ಟುಕೊಂಡ. ಅವನ ಬೇಸರ ನಿಜವಾದದ್ದೇ.

ಅರಸ ಅವನಿಗೆ ಅರಮನೆಯ ಎದುರಿಗೇ ಮನೆ ಕೊಟ್ಟ. ಅಷ್ಟು ಹತ್ತಿರದವರು ಯಾರೂ ಇರಲಿಲ್ಲ. ಅರಸನಿಗೆ ಬೆನ್ನು ತೋರಿಸಬಾರದೆಂಬುದು ಅಲ್ಲಿನ ಕಟ್ಟಳೆ. ಅದಕ್ಕೆ ನಾಯಕ ಬೆಳಗಿನಿಂದ ಅರಮನೆಗೆ ಮುಖಮಾಡಿ ಕೂರುತ್ತಿದ್ದ. ಬೆನ್ನ ಹಿಂದೆ ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದೇ ಅವನಿಗೆ ತಿಳಿಯದಾಯಿತು. ಹಬ್ಬ ಬಂದರೆ ಕುದುರೆಗಳನ್ನು ಒಪ್ಪಿಸಬೇಕು. ದಂಡು ಹೊರಟರೆ ಆಳುಗಳನ್ನು ಕಳಿಸಬೇಕು. ಅರಸ ಒತ್ತಾಯ ಮಾಡುವವನಲ್ಲ. ಎದುರಿಗಿದ್ದವನ ಮೇಲೆ ಅವನ ಕಣ್ಣು ಬೀಳುತ್ತಿತ್ತು, ಅಷ್ಟೆ. ಹಟ್ಟಿ ಬರಿದಾಯಿತು, ಲಾಯ ಬರಿದಾಯಿತು. ಕುಂಬಾರರ ಹುಡುಗರು ಯಾವುದೋ ಯುದ್ಧದಿಂದ ಮರಳಿ ಬರಲಿಲ್ಲ. ನಾಯಕ ಮೈಯಲ್ಲೂ ಕರಗಿದ.

ಕೊನೆಗೊಂದು ದಿನ, ‘ಊರಿಗೆ ಹೋಗಿಬಿಡೋಣ ಅಕ್ಕ’ ಎಂದ.

ಅಕ್ಕ ಆಗಲೇ ಹಾಸಿಗೆ ಹಿಡಿದಿದ್ದಳು. ‘ದಾರಿಯಲ್ಲಿ ಒಂದು ಗುಟುಕು ನೀರು ಕೊಡಲು ಯಾರಾದರೂ ಉಳಿದಿದ್ದಾರೋ, ಮೊದಲು ಹೋಗಿ ನೋಡಿಕೊಂಡು ಬಾ’ ಎಂದಳು.

ನಾಯಕ ಒಬ್ಬನೇ ನಡೆದುಕೊಂಡು ಹೋದ. ಬೀಗ ಹಾಕಿದ ಮನೆಗಳ ಮಾಡು ಕುಸಿದಿತ್ತು. ಹೊಲಗಳಲ್ಲಿ ಜಾಲಿ ಬೆಳೆದಿತ್ತು. ಕುಂಬಾರರ ಊರಿನಲ್ಲಿ ಒಂದು ಬಾಗಿಲು ಮಾತ್ರ ತೆರೆದಿತ್ತು. ಹೊಸ್ತಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬಾಯಾರಿದ ದಾರಿಹೋಕನೆಂದು ಒಳಗೆ ಹೋಗಿ ಚೆಂಬು ತಂದುಕೊಟ್ಟಳು. ಅವನು ಎತ್ತಿ ಕುಡಿದ. ಚೆಂಬು ಖಾಲಿಯಾದ ಮೇಲೆ ಅವಳು ಒಳಗಿನ ನೀರಿನ ಗಡಿಗೆಯನ್ನೂ ಬೋರಲು ಹಾಕಿದ್ದನ್ನು ನೋಡಿ, ಮನೆಯಲ್ಲಿ ಇದ್ದದ್ದು ಅಷ್ಟೇ ನೀರೆಂದು ಅವನಿಗೆ ತಿಳಿಯಿತು.

‘ಊರಿಗೆ ಏನಾಯಿತಮ್ಮ?’ ಎಂದು ಕೇಳಿದ. ಗೊತ್ತಿದ್ದೂ ಕೇಳಿದ.

‘ಗಡಿಯಿಂದ ದೊಡ್ಡವರೊಬ್ಬರು ಬಂದಿದ್ದರಪ್ಪ’ ಎಂದಳು ಮುದುಕಿ. ‘ಬಹಳ ಒಳ್ಳೆಯವರು. ನಮ್ಮನ್ನು ಒಂದು ಮಾತು ಗದರಿಸಲಿಲ್ಲ. ನನ್ನ ಮೊಮ್ಮಗನ ತಲೆ ಸವರಿ ಕರೆದುಕೊಂಡು ಹೋದರು. ಅಂಥವರ ಜೊತೆ ಇದ್ದಾನಲ್ಲ, ಚೆನ್ನಾಗಿಯೇ ಇರುತ್ತಾನೆ.’

ಅವಳು ಬೈದಿದ್ದರೆ ಅವನು ಕಾಲಿಗೆ ಬೀಳುತ್ತಿದ್ದನೇನೋ. ಅವಳು ಬೈಯಲಿಲ್ಲ. ತಾನು ಯಾರೆಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ‘ಚೆನ್ನಾಗಿದ್ದಾನಮ್ಮ’ ಎಂದುಬಿಟ್ಟ. ಅವಳ ಮುಖ ಅರಳಿತು. ಅವನು ಅಲ್ಲಿಂದ ಎದ್ದು, ಗಡಿಯ ಕಡೆಗೆ ಹೋಗದೆ, ಬಂದ ದಾರಿಯಲ್ಲೇ ರಾಜಧಾನಿಗೆ ತಿರುಗಿದ. ಅವನು ತಲುಪುವಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಳು. ಅವಳನ್ನು ಮಣ್ಣುಮಾಡಿ, ಮಾರನೆಯ ದಿನ ಹೋಗಿ ಅರಮನೆಗೆ ಮುಖಮಾಡಿ ಕೂತ. ಬೇರೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕೊನೆಯವರೆಗೂ ಅಲ್ಲೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚಿದಂಬರನಿಗೆ ಸಮಾಧಾನವಾಗಲಿಲ್ಲ. ‘ನಾಯಕನ ಮನಸ್ಸಿನಲ್ಲಿ ಕೇಡು ಇರಲಿಲ್ಲವಲ್ಲ, ಗುರುಗಳೇ. ದೊಡ್ಡವರ ಹತ್ತಿರ ಇರಬೇಕೆಂದು ಆಸೆಪಟ್ಟ, ಅಷ್ಟೆ. ಅದರಲ್ಲಿ ತಪ್ಪೇನಿದೆ?’ ಎಂದ.

ಗುರುಗಳು ಅವನ ಮುಖ ನೋಡದೆ ಹೇಳಿದರು: ‘ನೀನು ಬರುವ ಮೊದಲು, ಚಿದಂಬರ, ಈ ಕೋಣೆಯಲ್ಲಿ ನನ್ನ ಶಿಷ್ಯರಿಗೆ ಕೂರಲು ಜಾಗ ಸಾಲುತ್ತಿರಲಿಲ್ಲ.’