ಇಂಜಿನ್ ಹೆಡ್ ಉಜ್ಜಿದ ಮರಿಸ್ವಾಮಿ

ಕೇಳ್ರಪ್ಪೋ ಕೇಳಿ! ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಈಗ್ಲೇ ಎದ್ದು ಮನೆಗೆ ಹೋಗಿ. ಅರ್ಧಕ್ಕೆ ಎದ್ದೋರಿಗೆ ಮತ್ತೆ ಮೊದಲಿಂದ ಹೇಳೋಳು ನಾನಲ್ಲ.

ತಿಪಟೂರು ಕಡೆ ಒಬ್ಬಳು ನಂಜಮ್ಮ. ಅವಳಿಗೊಬ್ಬನೇ ಮಗ, ಮರಿಸ್ವಾಮಿ. ಎತ್ತಿನಂಥ ಮೈ, ಕೆಲಸ ಅಂದ್ರೆ ಸಾಕು, ಓಡೋನು. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಎಲ್ಲಿಗೆ, ಯಾತಕ್ಕೆ ಅಂತ ಕೇಳೋನಲ್ಲ. "ಆಯ್ತವ್ವಾ, ನಂಗ್ ಬಿಡು!" ಅನ್ನೋನು, ಎದೆ ಉಬ್ಬಿಸ್ಕೊಂಡು ಹೋಗೋನು, ಮಾಡಬಾರದ್ದು ಮಾಡಿ ಬರೋನು. "ಯಾವ ಜನ್ಮದ ಪಾಪಕ್ಕೆ ನಿನ್ನ ಹೆತ್ತೆನೋ!" ಅಂತ ನಂಜಮ್ಮ ಹಣೆ ಚಚ್ಚಿಕೊಳ್ಳೋಳು.

ನಂಜಮ್ಮನ ಗಂಡ ಸಾಯುವಾಗ ಬಿಟ್ಟುಹೋಗಿದ್ದು ಒಂದೇ ಆಸ್ತಿ, ಹಳೇ ಕಾಲದ ಕಾರು. ಗಂಡನ ಪಕ್ಕ ಕೂತು ಕೂತು ಅವಳೂ ಇಂಜಿನ್ ಬಿಚ್ಚೋದು, ಜೋಡಿಸೋದು ಕಲಿತಿದ್ದಳು. ಆ ಕಾರಂದ್ರೆ ಅವಳಿಗೆ ಪ್ರಾಣ. ಆದರೆ ಅದರಲ್ಲಿ ಮೈದುನ ಚನ್ನಿಗಪ್ಪನಿಗೂ ಅರ್ಧ ಪಾಲು. ಅವನದೋ ಗುಜರಿ ಅಂಗಡಿ!

"ಅತ್ತಿಗೆ, ಇದು ಗವಿಬೆಟ್ಟ ಹತ್ತಲಾರದ ಮುದಿ ಗೂಳಿ. ಗುಜರಿಗೆ ಹಾಕೋಣ" ಅಂದ.

"ಹತ್ತಿಸಿ ತೋರಿಸ್ತೀನಿ ಕಣೋ! ಸೋಮವಾರ ಬೆಟ್ಟಕ್ಕೆ ಬಾ. ನಡುವೆ ನಿಲ್ಲದೆ ತುದಿ ಮುಟ್ಟಿದ್ರೆ ಕಾರು ಪೂರಾ ನಂದು. ನಿಂತ್ರೆ ಪೂರಾ ನಿಂದು, ತಗೊಂಡು ಹೋಗಿ ಒಡಕೋ!"

ಹೇಳಿದ್ದೇ ತಡ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಂಜಿನ್ನಿನ ತಲೆಭಾಗ, ಅದೇ ಹೆಡ್ಡು, ಬಿಚ್ಚಿ ಜಗಲಿ ಮೇಲಿಟ್ಟಳು. ಗಾಳಿ ಒಳಗೆ ಹೋಗೋ ದಾರಿ, ಹೊಗೆ ಹೊರಗೆ ಬರೋ ದಾರಿ, ಎರಡೂ ಇಕ್ಕಟ್ಟು, ಎರಡೂ ಒರಟು. ಮೂಗು ಕಟ್ಟಿದೋರು ಬೆಟ್ಟ ಹತ್ತೋದುಂಟಾ? ಎಲ್ಲಿವರೆಗೆ ಅಗಲ ಮಾಡಬೇಕು ಅಂತ ಗೀಟು ಎಳೆದಳು. ಡ್ರಿಲ್ಲಿಂಗ್ ಮಿಷನ್ನಿಗೆ ಎಮರಿ ಪೇಪರ್ ಸುತ್ತಿ ಮಗನ ಕೈಗೆ ಕೊಟ್ಟಳು.

"ಗೀಟು ದಾಟಬೇಡ. ಕೈಗೆ ಒರಟು ತಾಗಿದ್ದನ್ನೆಲ್ಲ ಉಜ್ಜಿ ನುಣ್ಣಗೆ ಮಾಡು."

"ಆಯ್ತವ್ವಾ, ನಂಗ್ ಬಿಡು!"

ಉಜ್ಜಿದ ನೋಡಿ! ಗೀಟು ದಾಟಲಿಲ್ಲ, ಎಷ್ಟು ಚೆನ್ನಾಗಿ ಉಜ್ಜಿದ ಅಂದ್ರೆ ನಂಜಮ್ಮ ಬೆರಳಾಡಿಸಿ ನೋಡಿ ಹಿಗ್ಗಿಹೋದಳು. "ಭಲೇ ಮಗನೇ!" ಅಂದು, ಹೆಡ್ಡಿನ ತಳ ಸಮ ಮಾಡಿಸೋಕೆ ಲೇತ್ ಅಂಗಡಿಗೆ ಕೊಟ್ಟು ಬರೋಕೆ ಹೋದಳು. ಇವನು ಸುಮ್ಮನೆ ಕೂತನಾ? ಅಡಿಗೆಮನೆಗೆ ಹೋದ. ಒರಳುಕಲ್ಲು ಮುಟ್ಟಿದ. ಒರಟು! ಉಜ್ಜಿದ, ಉಜ್ಜಿದ, ಕನ್ನಡಿ ಮಾಡಿಬಿಟ್ಟ.

ನಂಜಮ್ಮ ಬಂದು ಚಟ್ನಿಗೆ ಕೂತಳು. ಗುಂಡು ತಿರುಗ್ತದೆ, ಕಾಯಿಚೂರು ಜಾರ್ತದೆ. ಒಂದು ಚೂರೂ ನುರಿಯಲಿಲ್ಲ.

"ಅಯ್ಯೋ ನಿನ್ನ ಕೈ ಸೇದಿಹೋಗ! ಕಲ್ಲು ನುಣ್ಣಗಾದ್ರೆ ಕೆಲಸಕ್ಕೆ ಬರ್ತದೇನೋ? ನುಣ್ಣಗಾಗಿದ್ದು ಕಂಡ್ರೆ ಉಳಿ ಸುತ್ತಿಗೆ ತಗೊಂಡು ಟಕಟಕ ಅಂತ ಕುಟ್ಟಬೇಕು ಕಣೋ, ಕಲ್ಲು ಕುಟ್ಟೋರು ಬೀದೀಲಿ ಬಂದು ಕುಟ್ಟಲ್ವಾ, ಹಾಗೆ!"

"ಆಯ್ತವ್ವಾ, ನಂಗ್ ಬಿಡು!"

ಮಾರನೆ ದಿನ ಹೆಡ್ ತರೋಕೆ ಅವನನ್ನೇ ಕಳಿಸಿದಳು. ಲೇತಿನವನು ತಳ ಸವರಿ ಮುಖ ಕಾಣೋ ಹಾಗೆ ಮಾಡಿದ್ದ. "ಥೂ, ನುಣ್ಣಗೆ ಮಾಡಿ ಹಾಳು ಮಾಡಿದಾನೆ!" ಅಂತ ಮರಿಸ್ವಾಮಿ ಅಲ್ಲೇ ಕೂತು ಉಳಿ ಹಿಡಿದ. ಟಕ! ಟಕ! ಟಕ! ಲೇತಿನವನು ಬಾಯಿ ಬಡಕೊಂಡು ಓಡಿಬಂದ, ನಂಜಮ್ಮನೂ ಓಡಿಬಂದಳು.

"ಇನ್ನೊಂದು ಸಲ ಸವರ್ತೀನಿ ತಾಯಿ, ಮತ್ತೆ ಕುಟ್ಟಿದ್ರೆ ಸವರೋಕೆ ಏನೂ ಉಳಿಯಲ್ಲ" ಅಂದ ಲೇತಿನವನು.

"ಕೇಳಿಸ್ತೇನೋ ದಡ್ಡಮುಂಡೇದೇ! ಇಂಥ ಪದಾರ್ಥ ಮನೆಗೆ ತರುವಾಗ ಮೈತುಂಬ ಎಣ್ಣೆ ಸವರಬೇಕು. ಕಂಬಳಿ ಸುತ್ತಬೇಕು. ಎದೆಗೆ ಅವಚಿಕೊಂಡು ಬರಬೇಕು. ಯಾರು ಕಿತ್ಕೊಳ್ಳೋಕೆ ಬಂದ್ರೂ ಬಿಡಬಾರದು!"

"ಆಯ್ತವ್ವಾ, ನಂಗ್ ಬಿಡು!"

ಈ ಸಲ ಹೆಡ್ಡನ್ನ ನಂಜಮ್ಮನೇ ಹೊತ್ತು ತಂದಳು, ನಂಬಿಕೆ ಎಲ್ಲಿ ಉಳಿದಿತ್ತು? ತಾನೇ ಜೋಡಿಸಿದಳು. ಇಂಜಿನ್ ಚಾಲು ಮಾಡಿದ್ರೆ ಏನು ಗತ್ತು, ಏನು ಸದ್ದು! ಅಷ್ಟರಲ್ಲಿ ಚನ್ನಿಗಪ್ಪ ಬಸ್ಸಿಳಿದ ಅಂತ ಸುದ್ದಿ ಬಂತು.

"ಹೋಗು, ಚಿಕ್ಕಪ್ಪನ್ನ ಮನೆಗೆ ಕರಕೊಂಡು ಬಾ."

ಹೋದ. ಚನ್ನಿಗಪ್ಪನದು ಬಿಳೀ ಪಂಚೆ, ಬಿಳೀ ಅಂಗಿ. ನೆತ್ತಿಯಿಂದ ಪಾದದವರೆಗೆ ಇಂಜಿನ್ ಆಯಿಲ್ ಸವರಿದ! ಕಂಬಳಿ ಸುತ್ತಿದ! ಎದೆಗೆ ಅವಚಿಕೊಂಡು ನಡೆದ! ಜನ ಬಿಡಿಸೋಕೆ ಬಂದ್ರೆ ಇನ್ನೂ ಬಿಗಿಯಾಗಿ ಅವಚಿದ. ಮನೆ ಮುಂದೆ ಇಳಿಸಿ ಉಸಿರು ಸಿಕ್ಕಿದ್ದೇ ಚನ್ನಿಗಪ್ಪ ಅರಚಿದ. "ಕಾರು ಒಂದು ಗಳಿಗೆ ನಿಂತ್ರೂ ಬಿಡಲ್ಲ ಅತ್ತಿಗೆ, ಒಂದೇ ಒಂದು ಗಳಿಗೆ!"

ನಂಜಮ್ಮ ಮಗನ ಕಿವಿ ಹಿಂಡಿದಳು. "ದೊಡ್ಡೋರು ಎದುರಿಗೆ ಸಿಕ್ರೆ ಅಲ್ಲೇ ನಿಲ್ಲಬೇಕು. ಕೈಮುಗಿದು 'ಬನ್ನಿ, ಕೂತ್ಕೊಳ್ಳಿ' ಅನ್ನಬೇಕು. ಅದೂ ಗೊತ್ತಿಲ್ವಾ?"

"ಆಯ್ತವ್ವಾ, ನಂಗ್ ಬಿಡು!"

ಸೋಮವಾರ ಬಂತು. ನಂಜಮ್ಮನಿಗೆ ಮಂಡಿನೋವು, ಕ್ಲಚ್ ತುಳಿಯಲಾರಳು. ಕಾರು ಓಡಿಸೋ ವಿದ್ಯೆ ಒಂದು ಮಾತ್ರ ಮರಿಸ್ವಾಮಿಗೆ ಚೆನ್ನಾಗಿ ಬರ್ತಿತ್ತು. ಇವನು ಸ್ಟಿಯರಿಂಗ್ ಹಿಡಿದ, ಅವಳು ಪಕ್ಕದಲ್ಲಿ ಕೂತಳು. ಚನ್ನಿಗಪ್ಪ ಮೊದಲೇ ಹೋಗಿ ಬೆಟ್ಟದ ತುದೀಲಿ ನಿಂತಿದ್ದ. ಕಾರು ಹತ್ತಿತು ನೋಡಿ! ಮೊದಲ ತಿರುವು, ಬೆಣ್ಣೆ! ಎರಡನೇ ತಿರುವು, ಬೆಣ್ಣೆ! ನಂಜಮ್ಮನ ಕಣ್ಣಲ್ಲಿ ನೀರು. "ನೋಡ್ರೀ, ನಿಮ್ಮ ಕಾರು ಹೆಂಗೆ ಹತ್ತುತ್ತೆ ನೋಡ್ರೀ!" ಅಂತ ಸತ್ತ ಗಂಡನನ್ನ ಕರೆದಳು. ಇನ್ನು ನಾಲ್ಕೇ ಮಾರು. ಎದುರಿಗೆ ಚಿಕ್ಕಪ್ಪ ಕಂಡ. ಮರಿಸ್ವಾಮಿ ಗಕ್ಕನೆ ಬ್ರೇಕ್ ಹಾಕಿದ, ಇಳಿದ, ಕೈಮುಗಿದ.

"ಬನ್ನಿ ಚಿಕ್ಕಪ್ಪ, ಕೂತ್ಕೊಳ್ಳಿ!"

"ನಿಂತಿತು! ನಿಂತಿತು! ಕಾರು ನಂದು!" ಅಂತ ಚನ್ನಿಗಪ್ಪ ಹಿಂದಿನ ಸೀಟಲ್ಲಿ ಧೊಪ್ಪನೆ ಕೂತ. "ನಡಿಯಲಾ, ಆ ಕಡೆ ಇಳಿಸು, ನೇರ ನನ್ನ ಗುಜರಿ ಅಂಗಡಿಗೆ!"

ನಂಜಮ್ಮನ ಎದೆ ಒಡೀತು. "ಅಯ್ಯೋ ಮನೆಹಾಳ! ಕಾರು ಓಡಿಸುವಾಗ ಯಾರೇ ಎದುರಿಗೆ ಬರಲಿ, ಯಾರೇ ಕೂಗಲಿ, ನಿಲ್ಲಿಸಬಾರದು ಕಣೋ!"

"ಆಯ್ತವ್ವಾ, ನಂಗ್ ಬಿಡು!"

ಮತ್ತೆ ಹತ್ತಿ ಕೂತ, ಬಿಟ್ಟ ನೋಡಿ ಕಾರು! ತುದಿ ದಾಟಿ ಆ ಕಡೆ ಇಳಿದ. ಗುಜರಿ ಅಂಗಡಿ ಬಂತು. "ಇಲ್ಲೇ! ನಿಲ್ಲಿಸು!" ಅಂದ ಚನ್ನಿಗಪ್ಪ. ಅಂಗಡಿ ಹಿಂದಕ್ಕೆ ಹೋಯ್ತು. ಬೆಟ್ಟ ಸುತ್ತಿ ಮತ್ತೆ ಹತ್ತಿಸಿದ, ಚನ್ನಿಗಪ್ಪನ ಭಾರವೂ ಸೇರಿ ಕಾರು ಗುಡುಗುಡು ಹತ್ತಿತು. ಮತ್ತೆ ತುದಿ, ಮತ್ತೆ ಇಳಿಜಾರು, ಮತ್ತೆ ಗುಜರಿ ಅಂಗಡಿ, ಮತ್ತೆ ಬೆಟ್ಟ! ಚನ್ನಿಗಪ್ಪ ಸೀಟಿನ ಈ ತುದಿಯಿಂದ ಆ ತುದಿಗೆ ಉರುಳಾಡಿದ.

"ಅತ್ತಿಗೆ, ದಮ್ಮಯ್ಯ! ನಿಲ್ಲಿಸೋಕೆ ಹೇಳು! ನಿಲ್ಲದೇ ಹತ್ತಿತು, ಒಪ್ಪಿಕೊಂಡೆ! ಕಾರು ನಿಂದೇ!"

"ದೇವರಾಣೆ?"

"ದೇವರಾಣೆ, ನನ್ನ ಅಂಗಡಿ ಆಣೆ! ಇಳಿಸು ನನ್ನ!"

ನಂಜಮ್ಮ ಕುಣಿದಾಡಿಬಿಟ್ಟಳು. ಮಗನ ಬೆನ್ನು ತಟ್ಟಿದಳು, ಗಲ್ಲ ಸವರಿದಳು. "ಗೆದ್ದೆವು ಕಣೋ ನನ್ನಪ್ಪಾ, ಗೆದ್ದೆವು! ಸಾಕು, ನಿಲ್ಲಿಸೋ!"

ಮರಿಸ್ವಾಮಿ ಅವಳ ಮುಖ ನೋಡಿ ಕಿಸಕ್ಕನೆ ನಕ್ಕ.

"ಯಾರೇ ಕೂಗಲಿ ನಿಲ್ಲಿಸಬೇಡ ಅಂದೋಳು ನೀನೇ ಅಲ್ವೇನವ್ವಾ? ನೀ ಕೂಗಿದ ತಕ್ಷಣ ನಿಲ್ಲಿಸೋಕೆ ನಾನೇನು ಪೆದ್ದನಾ?" ಅಂದು ಇನ್ನಷ್ಟು ಜೋರಾಗಿ ಆಕ್ಸಿಲರೇಟರ್ ಒತ್ತಿದ.